ಕಲಿಕೆಯೇ ಕೂಲಿಯಾಗಬಲ್ಲುದೇ?

ಪದವಿ ಮುಗಿಸಿದ ನಿಮ್ಮ ಮಗ ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಅಬ್ಬಾ, ಒಂದು ಹಂಗಾಮಿನ ಮಟ್ಟಿಗೆ ನಾನು ಸಾವಯವ ತರಕಾರಿ ತೋಟವೊಂದರಲ್ಲಿದ್ದು ಕೆಲಸ ಕಲಿಯಬೇಕೆಂದಿದ್ದೇನೆ" ಎಂದು ಹೇಳಿದರೆ ನೀವು ಏನೆನ್ನುವಿರಿ? "ಸಂಬಳ ಎಷ್ಟು?" ಎಂದು ತಂದೆ ಕೇಳುವರು. "ಸಂಬಳವಿಲ್ಲ. ಊಟ, ಮಲಗಲು ಜಾಗ ಕೊಡುತ್ತಾರೆ, ಕೆಲಸ ಕಲಿಸುತ್ತಾರೆ" ಎಂದು ಮಗ ಉತ್ತರಿಸುವನು. "ಇಷ್ಟೆಲ್ಲ ಓದಿಸಿದ್ದು ಗುದ್ದಲಿ ಹಿಡಿಯಲಿಕ್ಕಾ?" ಎಂದು ತಾಯಿ ಕಣ್ಣೊರೆಸಿಕೊಳ್ಳುವರು.

ಇದು ಇಂದು ಅನೇಕ ಮನೆಗಳಲ್ಲಿ ನಡೆಯಬಹುದಾದ ಮಾತುಕತೆ. ತಾಯಿಯ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಲ್ಲ. ದಾವೂದ್(ಅ)ರು ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದೂ, ಪ್ರವಾದಿ ಮುಹಮ್ಮದ್(ಸ)ರು ಸ್ವತಃ ಕೂಲಿ ಪಡೆದು ಮಕ್ಕಾದವರ ಕುರಿಗಳನ್ನು ಮೇಯಿಸಿದ್ದರೆಂದೂ ಬುಖಾರಿಯ ಹದೀಸ್‌ಗಳಲ್ಲಿದೆ. ಮಣ್ಣು ಮೆತ್ತಿದ ಕೈಯನ್ನು ಕೀಳೆಂದು ಕಾಣುವವರು ತಮ್ಮ ವಿಶ್ವಾಸವನ್ನೊಮ್ಮೆ ಪರಿಶೀಲಿಸಿಕೊಳ್ಳಬೇಕು. ಅದನ್ನು ಇಷ್ಟಕ್ಕೇ ಬಿಡೋಣ.

ಆದರೆ ತಂದೆಯ ಪ್ರಶ್ನೆ ಹಾಗಲ್ಲ. ಬಹಳ ಜನ ಅದನ್ನು ದುಡ್ಡಿನಾಸೆಯ ಪ್ರಶ್ನೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ನ್ಯಾಯದ ಪ್ರಶ್ನೆ. ಒಬ್ಬನ ಬೆವರನ್ನು ಇನ್ನೊಬ್ಬನು ಪಡೆದಿದ್ದಾನೆ. ಅದಕ್ಕೆ ಬದಲಾಗಿ ಹಣ ಕೊಟ್ಟಿಲ್ಲ, "ಕಲಿಸಿದ್ದೇನೆ" ಎನ್ನುತ್ತಾನೆ. ಕಲಿಕೆಯು ಕೂಲಿಯ ಸ್ಥಾನದಲ್ಲಿ ನಿಲ್ಲಬಲ್ಲುದೇ? ನಿಲ್ಲುವುದಾದರೆ ಯಾವಾಗ? ಯಾವಾಗ ಅದು ಬರಿಯ ನೆಪವಾಗಿ ಬಿಡುತ್ತದೆ? ಈ ಲೇಖನದಲ್ಲಿ ನಾವು ಯೋಚಿಸಬೇಕಾದ ವಿಷಯವಿದು.

ಈ ಪದ್ಧತಿ ಎಲ್ಲಿಂದ ಬಂತು?

ತೋಟದಲ್ಲಿದ್ದು ಕಲಿಯುವ ಪದ್ಧತಿ ಹೊಸತೇನೂ ಅಲ್ಲ. ಆದರೆ ಈಗ ಪಟ್ಟಣದ ಯುವಕ ಯುವತಿಯರ ನಡುವೆ ಹಬ್ಬಿರುವ ರೂಪ ಇಂಗ್ಲೆಂಡಿನದು. 1971ರಲ್ಲಿ ಲಂಡನ್ನಿನಲ್ಲಿ ಕಚೇರಿ ಕೆಲಸದಲ್ಲಿದ್ದ ಸೂ ಕಾಪರ್ಡ್ ಎಂಬ ಮಹಿಳೆ, ಪಟ್ಟಣದವರಿಗೆ ಹಳ್ಳಿಯ ಗಾಳಿ ಸೇವಿಸಲು ಅವಕಾಶವಾಗಲಿ, ಸಾವಯವ ತೋಟದವರಿಗೆ ಕೈಯಾಳು ಸಿಗಲಿ ಎಂದು ಸಸೆಕ್ಸ್ ಪ್ರಾಂತದ ತೋಟವೊಂದಕ್ಕೆ ವಾರಾಂತ್ಯಗಳಲ್ಲಿ ಕೆಲವರನ್ನು ಕಳುಹಿಸುವ ಏರ್ಪಾಡು ಮಾಡಿದರು. ಅದೇ ಮುಂದೆ 'ವೂಫ್' ಎಂಬ ಹೆಸರಿನಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಹರಡಿತು. ದಿನದಲ್ಲಿ ಕೆಲವು ತಾಸು ಕೆಲಸ, ಅದಕ್ಕೆ ಬದಲಾಗಿ ಊಟ, ವಸತಿ ಮತ್ತು ಕಲಿಕೆ. ನಡುವೆ ಹಣದ ವ್ಯವಹಾರವಿಲ್ಲ. ಅಮೆರಿಕ, ಯುರೋಪುಗಳ ಸಣ್ಣ ತರಕಾರಿ ತೋಟಗಳಲ್ಲಿ ಬಿತ್ತನೆಯಿಂದ ಕೊನೆಯ ಕೊಯ್ಲಿನ ತನಕ ಇದ್ದು ಕೆಲಸ ಕಲಿಯುವ ಕ್ರಮವೂ ಬೆಳೆಯಿತು. ಕೆಲವೆಡೆ ಅಲ್ಪ ಭತ್ಯೆಯೂ ಉಂಟು.

ನಮ್ಮ ನಾಡಿನಲ್ಲೂ ಸಾವಯವ ಕೃಷಿಯನ್ನು ತೋಟದಲ್ಲೇ ನಿಂತು ಕಲಿಸಿದವರಿದ್ದಾರೆ. 2019ರಲ್ಲಿ ನಿಧನರಾದ ಎಲ್. ನಾರಾಯಣ ರೆಡ್ಡಿಯವರು ದೊಡ್ಡಬಳ್ಳಾಪುರದ ಬಳಿಯ ತಮ್ಮ ತೋಟಕ್ಕೆ ಬಂದವರಿಗೆಲ್ಲ ಮಣ್ಣನ್ನೇ ಪುಸ್ತಕವಾಗಿ ತೆರೆದಿಟ್ಟರು. ಅವರಂಥ ಪ್ರಸಿದ್ಧರಲ್ಲದ ಅದೆಷ್ಟೋ ರೈತರು ಎರಡು ಮೂರು ಎಕರೆಯಲ್ಲಿ ಬೆಂಡೆ, ಹೀರೆ, ಅಲಸಂಡೆ, ಹರಿವೆ, ಟೊಮೆಟೊ ಬೆಳೆಯುತ್ತಾ, ಕಲಿಯಲು ಬಂದ ಒಬ್ಬಿಬ್ಬರಿಗೆ ಜಾಗ ಕೊಡುತ್ತಿದ್ದಾರೆ.

ಒಂದು ಹಂಗಾಮಿನಲ್ಲಿ ಕಲಿಯುವುದೇನು?

ಕಲಿಕೆಯು ಕೂಲಿ ಎನ್ನಬೇಕಾದರೆ ಆ ಕೂಲಿಯ ತೂಕವೆಷ್ಟೆಂದು ಮೊದಲು ನೋಡಬೇಕಲ್ಲವೇ?

ಬಂದ ಮೊದಲ ವಾರ ಹುಡುಗನಿಗೆ ಸಿಗುವುದು ಕುರ್ಪಿ ಮತ್ತು ಕಳೆ. ಜೇಕು ಹುಲ್ಲನ್ನು ಅವನು ಸರಸರನೆ ಕಿತ್ತು ಹಾಕಿ ಬೆನ್ನು ನೇರ ಮಾಡುತ್ತಾನೆ. ನಾಲ್ಕೇ ದಿನದಲ್ಲಿ ಅದು ಮತ್ತೆ ತಲೆ ಎತ್ತುತ್ತದೆ. ಮೇಲಿನ ಎಲೆ ಕಿತ್ತರೂ ಅದರ ಗಡ್ಡೆ ಮಣ್ಣಿನೊಳಗೇ ಉಳಿದಿತ್ತು ಎಂಬುದು ಆಗ ತಿಳಿಯುತ್ತದೆ. ಬಳಿಕ ಸಸಿಮಡಿ. ಟೊಮೆಟೊ, ಬದನೆ, ಮೆಣಸಿನ ಬೀಜವನ್ನು ಆಳಕ್ಕೆ ಹಾಕಿದರೆ ಮೇಲೆ ಬರುವುದಿಲ್ಲ. ನೀರು ಹೆಚ್ಚಾದರೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಸಸಿಗಳೆಲ್ಲ ಮಲಗಿ ಬಿಡುತ್ತವೆ. ಹರಿವೆ ಸೊಪ್ಪು ಸುಮಾರು 25-30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಬೆಂಡೆ ಕಾಯಿ ಬಿಡಲು ತಿಂಗಳೂವರೆ ಬೇಕು. ಟೊಮೆಟೊ ನಾಟಿ ಮಾಡಿದ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಯಬೇಕು. ಅಂದರೆ ನಾಲ್ಕು ತಿಂಗಳ ಒಂದು ಹಂಗಾಮಿನಲ್ಲಿ ಹರಿವೆಯಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಮೂರು ನಾಲ್ಕು ಅವಕಾಶಗಳಿವೆ, ಟೊಮೆಟೊದಲ್ಲಿ ಒಂದೇ.

ಗೊಬ್ಬರದ ರಾಶಿಯೂ ಒಂದು ಪಾಠಶಾಲೆ. ಒಣ ಎಲೆ, ಹಸಿರು ಸೊಪ್ಪು, ಸೆಗಣಿಗಳನ್ನು ಪದರ ಪದರವಾಗಿ ಹಾಕಿ ನೀರು ಚಿಮುಕಿಸಿ ಬಿಟ್ಟರೆ ಕೆಲವೇ ದಿನಗಳಲ್ಲಿ ರಾಶಿಯ ಒಡಲು 55-60 ಡಿಗ್ರಿ ಸೆಲ್ಸಿಯಸ್ ವರೆಗೆ ಬಿಸಿಯೇರುತ್ತದೆ. ಆ ಬಿಸಿಗೆ ಅನೇಕ ಕಳೆ ಬೀಜಗಳೂ ರೋಗಾಣುಗಳೂ ಸಾಯುತ್ತವೆ. ಬಿಸಿ ಇಳಿದಾಗ ರಾಶಿಯನ್ನು ಮಗುಚಬೇಕು. ಸರಿಯಾದ ರಾಶಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ, ಕೆಟ್ಟ ರಾಶಿ ನಾರುತ್ತದೆ. ಇದನ್ನು ಪುಸ್ತಕದಲ್ಲಿ ಓದಬಹುದು. ಆದರೆ ಮೂಗಿಗೆ ಪುಸ್ತಕ ಕಲಿಸಲಾರದು.

ಎಲ್ಲಕ್ಕಿಂತ ಕಷ್ಟದ ಪಾಠ ಕಾಯುವುದು. ಅಲಸಂಡೆಯ ಕುಡಿಗೆ ಕಪ್ಪು ಹೇನು ಮುತ್ತಿದಾಗ ಹುಡುಗ ಓಡಿ ಬಂದು, "ಏನಾದರೂ ಹೊಡೆಯೋಣ" ಎನ್ನುತ್ತಾನೆ. ಅನುಭವಿ ರೈತ, "ಸ್ವಲ್ಪ ತಾಳು, ನೋಡೋಣ" ಎನ್ನುತ್ತಾನೆ. ಹೇನು ಹೆಚ್ಚಿದ ಕಡೆಗೆ ಅದನ್ನು ತಿನ್ನುವ ಗುಲಗಂಜಿ ಹುಳುಗಳು ಬರುತ್ತವೆ. ಹೇನನ್ನು ಕೊಲ್ಲುವ ಆತುರದಲ್ಲಿ ವಿಷ ಹೊಡೆದಿದ್ದರೆ ಮೊದಲು ಸಾಯುತ್ತಿದ್ದುದು ಈ ಮಿತ್ರರೇ. ಎಲ್ಲ ಸಲವೂ ಹೀಗಾಗುವುದಿಲ್ಲ. ಕೆಲವೊಮ್ಮೆ ಬೇವಿನ ಕಷಾಯ ಬೇಕು, ಕೆಲವೊಮ್ಮೆ ಗಿಡವನ್ನೇ ಕಿತ್ತು ಸುಡಬೇಕು. ಯಾವಾಗ ತಾಳಬೇಕು, ಯಾವಾಗ ಕೈ ಹಾಕಬೇಕು ಎಂದು ತಿಳಿಯುವುದೇ ವಿದ್ಯೆ.

ಬಿತ್ತುವವರು ನೀವು, ಆದರೆ ಬೆಳೆಸುವವರು ನೀವೋ ನಾವೋ ಎಂದು ಅಲ್‌ವಾಕಿಅಃ ಅಧ್ಯಾಯದಲ್ಲಿ (56:63-64) ಅಲ್ಲಾಹನು ಮಾನವನನ್ನು ಕೇಳುತ್ತಾನೆ. ನಾವು ಇದನ್ನು ಎಷ್ಟೋ ಬಾರಿ ಓದಿರುತ್ತೇವೆ. ತನ್ನ ಕೈಯಾರೆ ಬಿತ್ತಿದ ಮಡಿಯ ಮುಂದೆ ಬೆಳಿಗ್ಗೆ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕುಳಿತು, ಮೊಳಕೆ ಬಂತೋ ಇಲ್ಲವೋ ಎಂದು ನೋಡಿದವನಿಗೆ ಆ ಪ್ರಶ್ನೆಯ ಭಾರ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ. ಆದುದರಿಂದ ಈ ಕಲಿಕೆಗೆ ಬೆಲೆಯಿಲ್ಲವೆಂದು ಹೇಳುವಂತಿಲ್ಲ. ಅದು ಕೂಲಿಯಾಗಬಲ್ಲುದು. ಆದರೆ ಷರತ್ತುಗಳೇನು?

ಮೂಸಾ(ಅ)ರ ಎರಡು ಕರಾರುಗಳು

ಪವಿತ್ರ ಕುರ್‌ಆನ್ ಹಝ್ರತ್ ಮೂಸಾ(ಅ)ರನ್ನು ನಮಗೆ ಎರಡು ಬಾರಿ, ಇನ್ನೊಬ್ಬರ ಕೈಕೆಳಗೆ ನಿಂತವರಾಗಿ ತೋರಿಸುತ್ತದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ.

ಮೊದಲನೆಯದು ಮದ್‌ಯನ್‌ನಲ್ಲಿ (28:25-28). ಈಜಿಪ್ಟಿನಿಂದ ಪ್ರಾಣ ಉಳಿಸಿಕೊಂಡು ಬಂದ ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಳ್ಳಿರೆಂದು ಆ ಮನೆಯ ಮಗಳು ತಂದೆಗೆ ಸೂಚಿಸುತ್ತಾಳೆ. ಕೆಲಸದಾಳಿಗೆ ಇರಬೇಕಾದ ಎರಡು ಗುಣಗಳನ್ನೂ ಆಕೆಯೇ ಹೇಳುತ್ತಾಳೆ: ಶಕ್ತಿ ಮತ್ತು ಪ್ರಾಮಾಣಿಕತೆ. ಬಳಿಕ ಆ ವೃದ್ಧರು ಕರಾರನ್ನು ಬಿಡಿಸಿ ಹೇಳುತ್ತಾರೆ. ಅವಧಿ ಎಂಟು ವರ್ಷ. ಹತ್ತು ಪೂರೈಸಿದರೆ ಅದು ಮೂಸಾ(ಅ)ರ ಔದಾರ್ಯ. ಪ್ರತಿಫಲವೇನೆಂಬುದೂ ಮೊದಲೇ ನಿಶ್ಚಯ. ಅದರ ಜೊತೆಗೇ, ನಿಮ್ಮನ್ನು ಕಷ್ಟಕ್ಕೆ ಗುರಿಪಡಿಸುವ ಉದ್ದೇಶ ತಮಗಿಲ್ಲವೆಂದು ಅವರು ಭರವಸೆ ಕೊಡುತ್ತಾರೆ. ದಿಕ್ಕಿಲ್ಲದೆ ಬಂದ ಪರದೇಶಿಯೊಡನೆ ಅವರು ಎಂಥ ಕರಾರನ್ನಾದರೂ ಮಾಡಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ನಮ್ಮ ಫಿಕ್ಹ್ ವಿದ್ವಾಂಸರೂ ಕೂಲಿಯ ಕರಾರಿನಲ್ಲಿ ಕೆಲಸವೇನು, ಪ್ರತಿಫಲವೇನು ಎಂಬುದು ಇಬ್ಬರಿಗೂ ತಿಳಿದಿರಬೇಕೆಂದು ಹೇಳಿದ್ದಾರೆ.

ಎರಡನೆಯದು ಅಲ್‌ಕಹ್ಫ್ ಅಧ್ಯಾಯದ ಪ್ರಸಂಗ (18:60-82). ಹದೀಸ್‌ಗಳಲ್ಲಿ ಖಿಳ್ರ್(ಅ) ಎಂದು ಹೆಸರಿಸಲಾದ ಆ ಜ್ಞಾನಿಯನ್ನು ಮೂಸಾ(ಅ)ರು ಕಲಿಯಲಿಕ್ಕಾಗಿ ಹಿಂಬಾಲಿಸುತ್ತಾರೆ. ಇಲ್ಲಿ ಕೂಲಿಯ ಮಾತೇ ಇಲ್ಲ. ಜ್ಞಾನವೇ ಪ್ರತಿಫಲ. ಷರತ್ತು ಒಂದೇ: ಗುರು ತಾನಾಗಿ ಹೇಳುವ ತನಕ ಪ್ರಶ್ನೆ ಕೇಳಬಾರದು. ಮೂರು ಘಟನೆಗಳಾದವು, ಮೂರರಲ್ಲೂ ಶಿಷ್ಯನಿಗೆ ತಡೆಯಲಾಗಲಿಲ್ಲ, ಅಲ್ಲಿಗೆ ಅಗಲಿಕೆಯ ಸಮಯ ಬಂತು.

ಶಿಷ್ಯನಿಗೆ ತಾಳ್ಮೆ ಬೇಕೆಂಬ ಪಾಠವನ್ನು ನಾವೆಲ್ಲ ಈ ಪ್ರಸಂಗದಿಂದ ಹೇಳುತ್ತೇವೆ. ಆದರೆ ಗುರುವಿಗೂ ಇಲ್ಲೊಂದು ಪಾಠವಿದೆ, ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಶಿಷ್ಯನು ಷರತ್ತನ್ನು ಮುರಿದಿದ್ದರೂ ಖಿಳ್ರ್(ಅ)ರು ಅವರನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ದೋಣಿಗೆ ರಂಧ್ರ ಮಾಡಿದ್ದೇಕೆ, ಬಾಲಕನ ವಿಷಯವೇನು, ಗೋಡೆ ನಿಲ್ಲಿಸಿದ್ದೇಕೆ ಎಂದು ಒಂದೊಂದನ್ನೂ ವಿವರಿಸಿದ ಬಳಿಕವೇ ಬೀಳ್ಕೊಟ್ಟರು. ಕಲಿಕೆಯೇ ಪ್ರತಿಫಲವಾಗಿರುವಲ್ಲಿ ವಿವರಣೆಯೇ ಕೂಲಿ. ಆ ಕೂಲಿಯನ್ನು ಅವರು ಅಗಲುವ ಮುನ್ನ ಪೂರ್ತಿಯಾಗಿ ಸಂದಾಯ ಮಾಡಿದರು.

ಹಂಗಾಮಿಗೆಂದು ತೋಟಕ್ಕೆ ಬಂದ ಹುಡುಗ ಈ ಎರಡೂ ಕರಾರುಗಳ ನಡುವೆ ನಿಂತಿದ್ದಾನೆ. ಬೆವರು ಸುರಿಸುವಾಗ ಅವನು ಮದ್‌ಯನ್‌ನ ಕೆಲಸದಾಳಿನಂತೆ. ಕಲಿಯುವಾಗ ಖಿಳ್ರ್(ಅ)ರ ಹಿಂದೆ ನಡೆದ ಶಿಷ್ಯನಂತೆ. ಅವನ ಕೆಲಸವನ್ನು ಪಡೆದು, "ಇವತ್ತು ಈ ಹತ್ತು ಸಾಲು ಕಳೆ ಕೀಳು, ನಾಳೆ ಆ ಹತ್ತು ಸಾಲು" ಎಂದಷ್ಟೇ ಹೇಳಿ, ಏಕೆ, ಯಾವಾಗ, ಹೇಗೆ ಎಂಬುದನ್ನು ತಿಳಿಸದೆ ನಾಲ್ಕು ತಿಂಗಳ ಬಳಿಕ ಬಸ್ ಹತ್ತಿಸಿದರೆ ಏನಾಯಿತು? ಕೂಲಿ ಕೊಡದೆ ದುಡಿಸಿದಂತಾಯಿತು. ಪುನರುತ್ಥಾನದ ದಿನ ತಾನು ಮೂವರ ವಿರುದ್ಧ ವಾದಿಯಾಗಿ ನಿಲ್ಲುವೆನೆಂದು ಅಲ್ಲಾಹನು ಹೇಳಿರುವುದಾಗಿ ಬುಖಾರಿಯ ಹದೀಸ್ ಒಂದರಲ್ಲಿದೆ. ಅವರಲ್ಲೊಬ್ಬನು, ಆಳನ್ನು ಗೊತ್ತುಮಾಡಿ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನು. ಕೂಲಿಯು ನಾಣ್ಯದಲ್ಲಿರಲಿ, ವಿದ್ಯೆಯಲ್ಲಿರಲಿ, ಮಾತು ಕೊಟ್ಟ ಮೇಲೆ ಅದು ಸಾಲವೇ.

ಅದೇ ಸಾಲು, ಇಬ್ಬರು ದುಡಿಯುವವರು

ಇನ್ನು ಈ ವಿಷಯದ ಅತ್ಯಂತ ಮುಜುಗರದ ಮಗ್ಗುಲಿಗೆ ಬರೋಣ.

ಅದೇ ತೋಟದಲ್ಲಿ, ಅದೇ ಸಾಲಿನಲ್ಲಿ, ಹುಡುಗನ ಪಕ್ಕದಲ್ಲೇ ಕುಳಿತು ಊರಿನ ಹೆಂಗಸೊಬ್ಬಳು ಕಳೆ ಕೀಳುತ್ತಿದ್ದಾಳೆ. ಇಬ್ಬರ ಕೈಯಲ್ಲೂ ಕುರ್ಪಿ. ಇಬ್ಬರ ಬೆನ್ನಿನ ಮೇಲೂ ಒಂದೇ ಬಿಸಿಲು. ಅವನು ಮಾಡುವುದಕ್ಕೆ 'ಅನುಭವ' ಎಂದು ಹೆಸರು, ಅವಳು ಮಾಡುವುದಕ್ಕೆ 'ಕೂಲಿ' ಎಂದು. ಅವನ ಸಾಲಿನಲ್ಲಿ ಅಲಸಂಡೆಯ ಗಿಡಗಳೂ ಕಳೆಯೊಂದಿಗೆ ಕಿತ್ತು ಬರುತ್ತವೆ, ಅವಳ ಸಾಲಿನಲ್ಲಿ ಒಂದು ಬೇರೂ ಅಲುಗುವುದಿಲ್ಲ. ಆದರೂ ಊರಿನಿಂದ ಬಂದ ಅತಿಥಿಗಳು ಅವನನ್ನು ಮೆಚ್ಚಿ ಮಾತನಾಡಿಸುತ್ತಾರೆ, ಅವಳ ಹೆಸರನ್ನು ಯಾರೂ ಕೇಳುವುದಿಲ್ಲ. ಅವನಿಗೆ ಬೇಸರವಾದರೆ ನಾಳೆಯೇ ಮನೆಗೆ ಹೋಗಬಹುದು. ಅವಳು ಒಂದು ದಿನ ತಪ್ಪಿಸಿದರೆ ಮನೆಯ ಒಲೆ ಉರಿಯುವುದು ಕಷ್ಟ.

ಇಲ್ಲಿ ಎರಡು ಅನ್ಯಾಯಗಳು ಹೊಕ್ಕಲು ಸಾಧ್ಯ. ಮೊದಲನೆಯದು, ಸಂಬಳವಿಲ್ಲದ ಹುಡುಗರು ಸಿಕ್ಕಿದರೆಂದು ಕೂಲಿಯವರನ್ನು ಕೆಲಸಕ್ಕೆ ಕರೆಯದಿರುವುದು. ಆಗ ಉಳ್ಳವರ ಮನೆಯ ಮಗ ಕಲಿಯುವ ಉತ್ಸಾಹದಲ್ಲಿ ಇಲ್ಲದವರ ಮನೆಯ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತದೆ, ಅದೂ ತನಗೆ ಅರಿವಿಲ್ಲದೆಯೇ. ಎರಡನೆಯದು ಇನ್ನೂ ಸೂಕ್ಷ್ಮ. ಹುಡುಗ ಕಲಿತದ್ದು ಯಾರಿಂದ? ತೋಟದ ಯಜಮಾನನಿಂದ ಎಂದು ಅವನು ಹೇಳಿಕೊಳ್ಳುವನು. ಆದರೆ ಕುರ್ಪಿ ಹಿಡಿಯುವ ಕೋನ, ಸೊಪ್ಪಿನ ಕಟ್ಟು ಕಟ್ಟುವ ರೀತಿ, ಯಾವ ಬದನೆ ಇಂದು ಕೊಯ್ಯಬೇಕು, ಯಾವುದನ್ನು ನಾಳೆಗೆ ಬಿಡಬೇಕು ಎಂಬ ಕಣ್ಣಳತೆ, ಇದೆಲ್ಲವನ್ನೂ ಅವನಿಗೆ ತೋರಿಸಿ ಕೊಟ್ಟವಳು ಆಕೆ. ಆಕೆಗೆ ಸಿಕ್ಕಿದ್ದು ಕಳೆ ಕಿತ್ತುದರ ಕೂಲಿ ಮಾತ್ರ, ಕಲಿಸಿದ್ದರ ಕೂಲಿ ಸಿಗಲಿಲ್ಲ.

ಇದು ಇಂದು ನಿನ್ನೆಯ ಕಥೆಯಲ್ಲ. ಸಾವಯವ ಕೃಷಿಯ ಆದ್ಯರಲ್ಲಿ ಒಬ್ಬರೆಂದು ಜಗತ್ತು ಗೌರವಿಸುವ ಆಲ್ಬರ್ಟ್ ಹೊವಾರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ 1905ರಲ್ಲಿ ಭಾರತಕ್ಕೆ ಬಂದರು. 1924ರಿಂದ 1931ರ ತನಕ ಇಂದೋರಿನಲ್ಲಿದ್ದು ಗೊಬ್ಬರ ತಯಾರಿಸುವ ವಿಧಾನವೊಂದನ್ನು ರೂಪಿಸಿದರು. ಅದಕ್ಕೆ ಇಂದಿಗೂ 'ಇಂದೋರ್ ವಿಧಾನ'ವೆಂದೇ ಹೆಸರು. ಕೃಷಿಯನ್ನು ತಮಗೆ ಕಲಿಸಿದ ಗುರುಗಳು ಈ ದೇಶದ ರೈತರೆಂದು ಆ ಮನುಷ್ಯ ತಮ್ಮ ಬರಹದಲ್ಲಿ ಒಪ್ಪಿಕೊಂಡಿದ್ದಾರೆ. ಅದು ಅವರ ದೊಡ್ಡತನ. ಹೊವಾರ್ಡ್‌ರ ಹೆಸರು ಜಗತ್ತಿಗೆ ಗೊತ್ತು. ಆ ಗುರುಗಳ ಹೆಸರನ್ನು ಇಂದು ಬಲ್ಲವರಾರು?

ಮಣ್ಣಿನವರ ಅರಿವನ್ನು ಗೌರವಿಸುವ ವಿಷಯದಲ್ಲಿ ನಮಗೆ ಉತ್ತಮ ಮಾದರಿಯಿದೆ. ಮದೀನಾದವರು ಖರ್ಜೂರದ ಗಂಡು ಹೂವನ್ನು ಹೆಣ್ಣು ಹೂವಿಗೆ ಸೇರಿಸುತ್ತಿದ್ದುದನ್ನು ಕಂಡು ಪ್ರವಾದಿವರ್ಯರು(ಸ) ಅದರಿಂದ ಪ್ರಯೋಜನವಿರಲಾರದೇನೋ ಎಂಬ ಅಭಿಪ್ರಾಯ ವ್ಯಕ್ತಪಡಿಸಿದರು. ಅವರು ಅದನ್ನು ಬಿಟ್ಟರು, ಫಸಲು ಕುಗ್ಗಿತು. ಆಗ ಪ್ರವಾದಿವರ್ಯರು(ಸ), ನಿಮ್ಮ ಲೌಕಿಕ ಕಸುಬಿನ ವಿಷಯಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬರ್ಥದ ಮಾತನ್ನು ಹೇಳಿದರೆಂದು ಮುಸ್ಲಿಮ್ ಗ್ರಂಥದ ಹದೀಸ್‌ನಲ್ಲಿದೆ. ಅಲ್ಲಾಹನ ಸಂದೇಶವಾಹಕರೇ(ಸ) ತೋಟಗಾರರ ಅನುಭವಕ್ಕೆ ಆ ಸ್ಥಾನವನ್ನು ಕೊಟ್ಟಿರುವಾಗ, ಪದವಿಯ ಕಾಗದ ಹಿಡಿದು ಬಂದವನು ಕಳೆ ಕೀಳುವ ಹೆಂಗಸನ್ನು ಬರೀ ಕೂಲಿಯಾಳೆಂದು ಕಾಣುವುದು ಎಷ್ಟು ಸರಿ? ಅವಳನ್ನು "ಅಕ್ಕಾ" ಎಂದು ಕರೆಯಲಿ, ಕಲಿತದ್ದನ್ನು ಅವಳ ಹೆಸರು ಹೇಳಿಯೇ ಇತರರಿಗೆ ತಿಳಿಸಲಿ. ಕೆಲಸದವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೂ ಉಣಿಸಿರಿ, ಅವರ ಮೇಲೆ ಹೊರಲಾರದ ಹೊರೆ ಹೊರಿಸದಿರಿ ಎಂಬ ಪ್ರವಾದಿ ವಚನದ ಆಶಯವು ತೋಟದ ಯಜಮಾನನಿಗೆ ಮಾತ್ರವಲ್ಲ, ಅವಳ ಪಕ್ಕದಲ್ಲಿ ಊಟದ ಬುತ್ತಿ ಬಿಚ್ಚುವ ಈ ಹುಡುಗನಿಗೂ ಅನ್ವಯಿಸುತ್ತದೆ.

ರೈತನ ಕಡೆಯ ಮಾತು

ನ್ಯಾಯವನ್ನು ಹೇಳುವಾಗ ಇನ್ನೊಂದು ಕಡೆಯನ್ನೂ ಕೇಳಬೇಕು. ಕಲಿಯಲು ಬಂದವನ ಕೆಲಸ ಮೊದಲ ತಿಂಗಳು ಲಾಭಕ್ಕಿಂತ ನಷ್ಟವೇ ಹೆಚ್ಚು. ಅವನು ತುಳಿದ ಮಡಿಗಳು, ಮುರಿದ ಸಸಿಗಳು, ತೆರೆದಿಟ್ಟು ಮರೆತ ನೀರಿನ ವಾಲ್ವು, ಇವೆಲ್ಲ ಯಜಮಾನನ ಖರ್ಚಿಗೆ ಸೇರುತ್ತವೆ. ಒಂದು ತಾಸಿನಲ್ಲಿ ತಾನೇ ಮುಗಿಸಬಹುದಾದ ಕೆಲಸವನ್ನು ಎರಡು ತಾಸು ನಿಂತು ಕಲಿಸಬೇಕಾಗುತ್ತದೆ. ಜೊತೆಗೆ ಮೂರು ಹೊತ್ತಿನ ಅನ್ನ. ರಾಸಾಯನಿಕ ಗೊಬ್ಬರ ಬಿಟ್ಟ ಸಣ್ಣ ರೈತನಿಗೆ ಮೊದಲ ವರ್ಷಗಳಲ್ಲಿ ಇಳುವರಿ ಕುಸಿಯುವುದೂ ಉಂಟು. ಸರಕಾರದ ಸಾವಯವ ಪ್ರಮಾಣಪತ್ರದ ನಿಯಮದಂತೆ ತರಕಾರಿಯಂಥ ಅಲ್ಪಾವಧಿ ಬೆಳೆಗೆ ಸಾಮಾನ್ಯವಾಗಿ ಎರಡು ವರ್ಷ ಪರಿವರ್ತನೆಯ ಕಾಲ; ಆ ಎರಡು ವರ್ಷ ಶ್ರಮ ಸಾವಯವದ್ದು, ಬೆಲೆ ಮಾತ್ರ ಸಾಮಾನ್ಯದ್ದು. ಅಂಥವನ ಬಳಿ ಹೋಗಿ ನಗರದ ಸಂಬಳ ಕೇಳುವುದು ನ್ಯಾಯವಲ್ಲ.

ಅಷ್ಟೇ ಅಲ್ಲ, ಕಲಿಯುವವನೂ ಮೋಸ ಮಾಡಬಲ್ಲನು. ಕಳೆ ಕೀಳುವ ಎರಡು ತಿಂಗಳು ಇದ್ದು, ಕೊಯ್ಲಿನ ಒತ್ತಡ ಬಂದಾಗ "ಊರಿನಲ್ಲಿ ಮದುವೆ" ಎಂದು ಹೊರಟು ಬಿಟ್ಟರೆ ಗಿಡದಲ್ಲೇ, ಬಳ್ಳಿಯಲ್ಲೇ ಬಲಿತು ಹೋಗುವ ಬೆಂಡೆ, ಹೀರೆಗಳಿಗೆ ಯಾರು ಹೊಣೆ? ಮೂಸಾ(ಅ)ರು ಎಂಟು ವರ್ಷದ ಕಡ್ಡಾಯವನ್ನಷ್ಟೇ ಅಲ್ಲ, ಹೆಚ್ಚಿನ ಅವಧಿಯನ್ನೇ ಪೂರೈಸಿದರೆಂದು ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿದೆ.

ಇನ್ನೊಂದು ಅಮಾನತ್ತೂ ಇದೆ. ಸಂಜೆ ತೋಟದಲ್ಲಿ ಯಾರೂ ಇಲ್ಲದಾಗ ಟೊಮೆಟೊ ಎಲೆ ಸುರುಟಿಕೊಂಡಿರುವುದು ಕಾಣುತ್ತದೆ. ಪಕ್ಕದ ಹೊಲದವನ ಶೆಡ್ಡಿನಲ್ಲಿ ವಿಷದ ಡಬ್ಬಿಯಿದೆ. ಒಂದು ಸಲ ಹೊಡೆದರೆ ಕೊಳ್ಳುವವನಿಗೆ ಕಣ್ಣಿನಿಂದ ತಿಳಿಯಲಾರದು. ನಮ್ಮ ದೇಶದಲ್ಲಿ ನೆರೆಹೊರೆಯ ಸಾವಯವ ರೈತರು ಗುಂಪು ಕಟ್ಟಿಕೊಂಡು, ಪ್ರತಿಜ್ಞೆ ಮಾಡಿ, ಒಬ್ಬರ ಹೊಲವನ್ನು ಒಬ್ಬರು ಪರಿಶೀಲಿಸಿ ಖಾತರಿ ಕೊಡುವ 'ಪಿಜಿಎಸ್' ಎಂಬ ಪದ್ಧತಿಯಿದೆ. ಅದು ನಿಂತಿರುವುದೇ ಪರಸ್ಪರ ವಿಶ್ವಾಸದ ಮೇಲೆ. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ ಧಾನ್ಯ ಇಟ್ಟು ಮಾರುತ್ತಿದ್ದವನ ರಾಶಿಯೊಳಗೆ ಕೈ ಹಾಕಿ ನೋಡಿದ ಪ್ರವಾದಿ(ಸ)ಯವರು, ವಂಚಿಸುವವನು ತಮ್ಮವನಲ್ಲವೆಂದು ಹೇಳಿದ ಪ್ರಸಂಗವನ್ನು ನೆನೆಯಿರಿ. ಯಾರೂ ನೋಡದ ಆ ಸಂಜೆಯಲ್ಲಿ ಡಬ್ಬಿಯನ್ನು ಮುಟ್ಟದೆ ಹಿಂದಿರುಗುವುದನ್ನು ಯಜಮಾನನಿಂದ ಕಣ್ಣಾರೆ ಕಂಡು ಕಲಿತರೆ, ಆ ಒಂದು ಪಾಠಕ್ಕೇ ಹಂಗಾಮಿನ ಬೆವರು ಸಂದಾಯವಾದೀತು. ಅದಕ್ಕೆ ವಿರುದ್ಧವಾದುದನ್ನು ಕಂಡರೆ ಅಲ್ಲಿಂದ ಹೊರಡುವುದೇ ಲೇಸು.

ನಮ್ಮದೇ ಅಂಗಡಿಗಳ ಕಥೆ

ತೋಟದ ಮಾತನ್ನು ದೂರದ ಮಾತೆಂದು ಬದಿಗಿಡಬೇಡಿ. ನಮ್ಮ ಸಮುದಾಯದಲ್ಲಿ ಉಸ್ತಾದ್-ಶಾಗಿರ್ದ್ ಪದ್ಧತಿ ಗ್ಯಾರೇಜಿನಲ್ಲಿ, ಟೈಲರಿಂಗ್ ಅಂಗಡಿಯಲ್ಲಿ, ಬಡಗಿಯ ಕೆಲಸದಲ್ಲಿ ಇಂದಿಗೂ ಜೀವಂತವಾಗಿದೆ. ಅದರಿಂದ ಎಷ್ಟೋ ಮಂದಿ ಬದುಕು ಕಟ್ಟಿಕೊಂಡಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ "ಹುಡುಗ ಕೆಲಸ ಕಲಿಯುತ್ತಿದ್ದಾನೆ" ಎಂಬ ಒಂದೇ ಮಾತಿನಲ್ಲಿ ಬಡವರ ಮಗನನ್ನು ವರ್ಷಗಟ್ಟಲೆ ಚಹಾ ತರಲು, ನೆಲ ಗುಡಿಸಲು, ಸ್ಪ್ಯಾನರ್ ಎತ್ತಿಕೊಡಲು ಇಟ್ಟುಕೊಂಡವರಿಲ್ಲವೇ? ಎಂಜಿನ್ ಬಿಚ್ಚುವಾಗ ಮಾತ್ರ ಅವನನ್ನು ಹೊರಗೆ ಕಳುಹಿಸುವವರಿಲ್ಲವೇ? ಕಲಿತರೆ ಎದುರಂಗಡಿ ಹಾಕಿ ಬಿಟ್ಟಾನು ಎಂಬ ಭಯ! ರಿಝ್ಕ್ ಅಲ್ಲಾಹನ ಕೈಯಲ್ಲಿದೆಯೆಂದು ನಂಬುವವನಿಗೆ ಈ ಭಯವೇಕೆ? ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವುದಂತೂ ಈ ದೇಶದ ಕಾನೂನಿನಲ್ಲಿ ಅಪರಾಧ. ಕೈಗಾರಿಕೆಗಳಲ್ಲಿ ಕಲಿಯುವವರಿಗೆ ಲಿಖಿತ ಕರಾರೂ ಭತ್ಯೆಯೂ ಇರಬೇಕೆಂದು 1961ರ ಅಪ್ರೆಂಟಿಸ್ ಕಾಯಿದೆಯೇ ಹೇಳುತ್ತದೆ. ಮದ್‌ಯನ್‌ನ ಕರಾರನ್ನು ಓದಿದ ನಾವು ಕಾಯಿದೆಗಿಂತ ಒಂದು ಹೆಜ್ಜೆ ಮುಂದಿರಬೇಕಾಗಿತ್ತು.

ಇಖ್ಲಾಸ್ ಎಂಬ ಆಕ್ಷೇಪ

"ಎಲ್ಲವನ್ನೂ ಹೀಗೆ ಲೆಕ್ಕ ಹಾಕುವುದೇ? ನಿಸ್ವಾರ್ಥ ಸೇವೆಗೆ ಬೆಲೆಯಿಲ್ಲವೇ?" ಎಂದು ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಉತ್ತರ ಅಲ್‌ಕಹ್ಫ್‌ನ ಆ ಗೋಡೆಯಲ್ಲಿಯೇ ಇದೆ.

ಊರಿನವರು ಅವರಿಬ್ಬರಿಗೆ ಅನ್ನ ಕೊಡಲು ನಿರಾಕರಿಸಿದ್ದರು. ಹಾಗಿದ್ದೂ ಖಿಳ್ರ್(ಅ)ರು ಆ ಊರಿನಲ್ಲಿ ಬೀಳಲಿದ್ದ ಗೋಡೆಯನ್ನು ನೇರವಾಗಿ ನಿಲ್ಲಿಸಿದರು. ಇದಕ್ಕೆ ಕೂಲಿ ಪಡೆಯಬಹುದಿತ್ತಲ್ಲ ಎಂದರು ಮೂಸಾ(ಅ). ಹಸಿದವನ ಬಾಯಿಂದ ಬಂದ ಆ ಮಾತು ಸಹಜವೇ. ಗೋಡೆಯ ಕೆಳಗೆ ಇಬ್ಬರು ಅನಾಥ ಬಾಲಕರ ನಿಧಿಯಿತ್ತು, ಅವರು ಬೆಳೆದು ದೊಡ್ಡವರಾಗುವ ತನಕ ಅದು ಸುರಕ್ಷಿತವಾಗಿರಲೆಂಬುದು ಅಲ್ಲಾಹನ ಇಚ್ಛೆಯಾಗಿತ್ತು ಎಂಬುದು ಬಳಿಕ ತಿಳಿಯಿತು. ಗಮನಿಸಿ: ಇಲ್ಲಿ ಕೂಲಿಯನ್ನು ಬಿಟ್ಟುಕೊಟ್ಟವರು ಕೆಲಸ ಮಾಡಿದವರೇ. ಊರಿನವರು ಬಂದು, "ಇದು ಪುಣ್ಯದ ಕೆಲಸ, ಕೂಲಿ ಕೇಳಬೇಡಿ" ಎಂದು ಉಪದೇಶಿಸಲಿಲ್ಲ. ಇದರಿಂದ ಲಾಭವಾದುದು ಊರಿನ ಬಲಿಷ್ಠರಿಗಲ್ಲ, ಅನಾಥರಿಗೆ.

ತನ್ನ ಕೂಲಿಯನ್ನು ತಾನೇ ಬಿಟ್ಟುಕೊಡುವುದು ಇಖ್ಲಾಸ್. ಇನ್ನೊಬ್ಬನ ಕೂಲಿಯನ್ನು ಇಖ್ಲಾಸ್‌ನ ಹೆಸರಿನಲ್ಲಿ ಬಿಡಿಸಿಕೊಳ್ಳುವುದು ಅನ್ಯಾಯ. ಈ ಎರಡರ ನಡುವಿನ ಗೆರೆಯನ್ನು ಅಳಿಸಿದರೆ ಶೋಷಣೆಗೂ ಸೇವೆಯ ಉಡುಪು ಸಿಕ್ಕಿ ಬಿಡುತ್ತದೆ. ತೋಟಕ್ಕೆ ಮಾತ್ರವಲ್ಲ, ನಮ್ಮ ಮದ್ರಸಗಳಿಗೆ, ಸಂಘಸಂಸ್ಥೆಗಳಿಗೆ, ಮನೆಕೆಲಸಕ್ಕೆ ಬರುವವರ ವಿಷಯಕ್ಕೂ ಈ ಮಾತು ಸಲ್ಲುತ್ತದೆ.

ಹೊರಡುವ ಮುನ್ನ

ಹೆತ್ತವರೇ, ನಿಮ್ಮ ಮಗನೋ ಮಗಳೋ ಇಂಥ ಕಲಿಕೆಗೆ ಹೊರಟು ನಿಂತರೆ ತಡೆಯಬೇಡಿ. ಆದರೆ ಕೆಲವು ವಿಷಯಗಳನ್ನು ಮೊದಲೇ ಕೇಳಿ ತಿಳಿದುಕೊಳ್ಳಿ, ಸಾಧ್ಯವಾದರೆ ಬರೆದಿಟ್ಟುಕೊಳ್ಳಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್‌ಬಕರಃ ಅಧ್ಯಾಯದಲ್ಲಿ (2:282) ಅಲ್ಲಾಹನು ಆದೇಶಿಸಿದ್ದಾನೆ. ಬರೆದಿಡುವುದು ಅಪನಂಬಿಕೆಯ ಗುರುತಲ್ಲ, ನಂಬಿಕೆಗೆ ಹಾಕಿದ ಬೇಲಿ.

ದಿನಕ್ಕೆ ಎಷ್ಟು ತಾಸು ಕೆಲಸ? ವಾರದಲ್ಲಿ ಬಿಡುವೆಷ್ಟು? ನಮಾಝಿಗೆ, ಜುಮುಅಃಗೆ ಅನುಕೂಲವಿದೆಯೇ? ಮಗಳಾದರೆ ವಾಸದ ವ್ಯವಸ್ಥೆ ಹೇಗೆ, ಮನೆಯ ಹೆಂಗಸರು ಜೊತೆಗಿರುವರೇ? ಹಾವು ಕಚ್ಚಿದರೆ, ಕುಡುಗೋಲು ತಗುಲಿದರೆ ಹತ್ತಿರದ ಆಸ್ಪತ್ರೆ ಯಾವುದು, ಖರ್ಚು ಯಾರದು? ಬಿತ್ತನೆಯಿಂದ ಮಾರಾಟದ ಲೆಕ್ಕದ ತನಕ ಏನೇನನ್ನು ಕಲಿಸುವರು? ತೋಟದಲ್ಲಿ ದುಡಿಯುವ ಕೂಲಿಯವರಿಗೆ ಸಕಾಲದಲ್ಲಿ ಕೂಲಿ ಸಿಗುತ್ತಿದೆಯೇ? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಕೂಲಿಯವನ ಬೆವರು ಆರುವ ಮುನ್ನವೇ ಅವನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಇಬ್ನು ಮಾಜಃ ಗ್ರಂಥದಲ್ಲಿ ಕಾಣುತ್ತೇವೆ. ಬಡವಳ ಕೂಲಿಯನ್ನು ತಡೆಹಿಡಿಯುವವನು ನಿಮ್ಮ ಮಗನಿಗೆ ವಿದ್ಯೆಯ ಕೂಲಿಯನ್ನು ಪೂರ್ತಿಯಾಗಿ ಕೊಡುವನೆಂದು ಹೇಗೆ ನಂಬುವಿರಿ?

ಕಲಿಯಲು ಹೋಗುವ ಯುವಜನರೇ, ಕೈಕೆಲಸ ಮಾತ್ರವಲ್ಲ, ಮನುಷ್ಯರ ಋಣವನ್ನೂ ಅರಿತು ಬನ್ನಿ. ಒಪ್ಪಿಕೊಂಡ ಅವಧಿಯನ್ನು ಪೂರೈಸಿ. ಕಲಿತದ್ದನ್ನು ಬಚ್ಚಿಡಬೇಡಿ; ಮನೆಯ ಹಿತ್ತಿಲಲ್ಲಿ ನಾಲ್ಕು ಮಡಿ ಬಸಳೆ, ಹರಿವೆ ಮಾಡಿದರೂ ಸರಿ, ನೆರೆಯ ಮಕ್ಕಳನ್ನು ಕರೆದು ತೋರಿಸಿ. ಒಬ್ಬ ಮುಸ್ಲಿಮನು ನೆಟ್ಟ ಗಿಡದಿಂದ, ಬಿತ್ತಿದ ಬೆಳೆಯಿಂದ ಮನುಷ್ಯನೋ ಪಕ್ಷಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆಂದು ಬುಖಾರಿ, ಮುಸ್ಲಿಮ್ ಗ್ರಂಥಗಳ ಹದೀಸ್ ತಿಳಿಸುತ್ತದೆ. ನೀವು ಕಲಿಸಿದವನು ಬೆಳೆದ ಸೊಪ್ಪಿನಲ್ಲೂ ಅಲ್ಲಾಹನು ನಿಮಗೊಂದು ಪಾಲು ಇಟ್ಟಾನು.

ತೋಟದ ಯಜಮಾನರೇ, ಅಂಗಡಿಯ ಉಸ್ತಾದರೇ, ನಿಮ್ಮ ಬಳಿ ಇರುವ ವಿದ್ಯೆ ನಿಮ್ಮ ಸ್ವಂತದ್ದಲ್ಲ. ನಿಮಗೂ ಯಾರೋ ಕಲಿಸಿದ್ದರು. ಕಲಿಸುತ್ತೇನೆಂದು ಮಾತು ಕೊಟ್ಟ ಮೇಲೆ ಅದು ನಿಮ್ಮ ಕೊರಳಿನ ಸಾಲ. ಹುಡುಗ ಗಂಟು ಕಟ್ಟಿ ಹೊರಡುವ ದಿನ ಅವನನ್ನು ಒಂದು ತಾಸು ಎದುರಿಗೆ ಕುಳ್ಳಿರಿಸಿಕೊಳ್ಳಿ. ಆ ದಿನ ಹೀಗೇಕೆ ಮಾಡಿದೆ, ಈ ದಿನ ಹೀಗೇಕೆ ಬೈದೆ, ಆ ಗಿಡವನ್ನು ಏಕೆ ಕಿತ್ತೆ, ಈ ಗಿಡವನ್ನು ಏಕೆ ಉಳಿಸಿದೆ ಎಂದು ಬಿಡಿಸಿ ಹೇಳಿ. ಅವನ ಕೂಲಿ ಸಂದುದು ಆಗಲೇ.

ದುಡಿದವರ ಹಕ್ಕನ್ನು ದುಡಿದವರಿಗೆ ಸಲ್ಲಿಸುವ, ಕಲಿಸಿದವರ ಋಣವನ್ನು ಮರೆಯದಿರುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.